ಎಡಗೆನ್ನೆಗೊಂದು ಕತ್ತಿ

ತುದಿ ಚೂಪಾಗಿರಬೇಕೋ ದುಂಡಗಿರಬೇಕೋ ಎನ್ನುವುದು ಬೆಳಗಿನಿಂದ ಇತ್ಯರ್ಥವಾಗಿರಲಿಲ್ಲ. ಎದುರಿಗೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿಯ ಮುಳ್ಳು ಅತ್ತಿತ್ತ ಓಲಾಡುತ್ತಿತ್ತು. ಅದು ನಿಲ್ಲುವವರೆಗೆ ಅವನು ಏನೂ ಮಾಡುವಂತಿರಲಿಲ್ಲ, ಜೋರಾಗಿ ಉಸಿರು ಬಿಡುವಂತೆಯೂ ಇರಲಿಲ್ಲ. ತೂಕ ಮತ್ತು ಅಳತೆ ಕಚೇರಿಯ ಈ ಒಳಕೋಣೆಗೆ ಕಿಟಕಿ ಇಟ್ಟಿಲ್ಲ, ಫ್ಯಾನು ಹಾಕಿಲ್ಲ. ಪೇಟೆಯ ಅಂಗಡಿಗಳಿಂದ ಬಂದ ತೂಕದ ಬಟ್ಟುಗಳನ್ನು ಚಿಮಟದಲ್ಲಿ ಎತ್ತಿ, ಸರ್ಕಾರದ ಬಟ್ಟಿನ ಎದುರಿನ ತಟ್ಟೆಯಲ್ಲಿಟ್ಟು, ಸರಿಯಿದ್ದರೆ ಮುದ್ರೆ ಒತ್ತಿ ಕಳಿಸುವುದು ಅವನ ಕೆಲಸ. ಮದುವೆಗೆ ಮುಂಚಿನಿಂದ ಇದನ್ನೇ ಮಾಡಿಕೊಂಡು ಬಂದಿದ್ದ. ಮುಳ್ಳು ನಿಲ್ಲಲು ಕಾಯುವ ಆ ಹೊತ್ತಿನಲ್ಲಿ ಹಿಂದೆಲ್ಲ ಅವನ ತಲೆಯಲ್ಲಿ ಏನೂ ಇರುತ್ತಿರಲಿಲ್ಲ. ಈಚೆಗೆ ಅಲ್ಲೊಂದು ಕ್ಷೌರದ ಕತ್ತಿ ಬಂದು ಮಲಗಿಕೊಂಡಿತ್ತು. ಹಿಡಿಯೊಳಕ್ಕೆ ಮಡಚಿಕೊಳ್ಳುವ, ಹಳೆಯ ಕಾಲದ ಕತ್ತಿ. ಅದಿನ್ನೂ ಎಲ್ಲಿಯೂ ಹುಟ್ಟಿರಲಿಲ್ಲ. ಆದರೆ ಅದರ ಬೆನ್ನಿನ ದಪ್ಪ, ಅಲಗಿನ ಅಗಲ, ಎರಡೂ ಬದಿಯಿಂದ ಒಳಕ್ಕೆ ತೋಡಿದ ಹಳ್ಳ, ಕಪ್ಪು ಕೊಂಬಿನ ಹಿಡಿ, ಹಿಡಿಗೆ ಬಡಿದ ಹಿತ್ತಾಳೆಯ ಪುಟ್ಟ ಮೊಳೆಗಳು ಎಲ್ಲವೂ ಅವನಿಗೆ ಕಾಣುತ್ತಿದ್ದವು. ತುದಿಯೊಂದು ಮಾತ್ರ ಮಸುಕಾಗಿತ್ತು. ಚೂಪು ತುದಿ ನೋಡಲು ಚೆಂದ, ಮೂಗಿನ ಕೆಳಗಿನ ಮೂಲೆಗೂ ಸಲೀಸಾಗಿ ಇಳಿಯುತ್ತದೆ. ಆದರೆ ಅದು ಕೆನ್ನೆಗೆ ಚುಚ್ಚಿಕೊಂಡರೆ ಚುಚ್ಚಿತು ಎಂದು ತಿಳಿಯಬೇಕಲ್ಲ. ಎಡಗೆನ್ನೆಗೆ ಏನೂ ತಿಳಿಯುತ್ತಿರಲಿಲ್ಲ. ಕಣ್ಣಿನ ಕೆಳಗಿನಿಂದ ಗಲ್ಲದ ನಡುವಿನವರೆಗೆ, ಮೂಗಿನ ಪಕ್ಕದಿಂದ ಕಿವಿಯ ಬುಡದವರೆಗೆ, ಅವನ ಮುಖದ ಅರ್ಧ ಭಾಗ ಯಾರದೋ ಸಾಮಾನನ್ನು ತಂದು ಅಂಟಿಸಿದಂತೆ ಇತ್ತು. ದುಂಡಗೇ ಇರಲಿ ಅಂದುಕೊಂಡ. ಮುಳ್ಳು ನಿಂತಿತು. ಬಟ್ಟು ಸರಿಯಿತ್ತು.

ಸರಿಯಿಲ್ಲದ್ದಕ್ಕೂ ಒಮ್ಮೆ ಮುದ್ರೆ ಒತ್ತಿದ್ದ. ಅದು ಮೊಳೆ, ಚಿಲಕ, ತಂತಿ ಮಾರುವವನ ಅಂಗಡಿ. ತಪಾಸಣೆಗೆ ಹೋದಾಗ ತಕ್ಕಡಿಯ ಮೇಲೆ ಬಗ್ಗಿ ಮುಳ್ಳಿಗೆ ಕಣ್ಣು ಸೇರಿಸಿ ನಿಂತಿದ್ದ. ಮುಳ್ಳು ಒಂದು ಕೂದಲೆಳೆಯಷ್ಟು ಅಂಗಡಿಯವನ ಕಡೆಗೇ ವಾಲಿದಂತೆ ಕಂಡಿತ್ತು. ಇನ್ನೊಮ್ಮೆ ನೋಡಬೇಕು ಅನ್ನುವಷ್ಟರಲ್ಲಿ ಅಂಗಡಿಯವನು, "ಸಾರ್, ಎಲ್ಲಿ ಬಿದ್ರಿ?" ಅಂದ. ಬಿದ್ದಿರಲಿಲ್ಲ. ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಳ್ಳುವಾಗ ಎಡಗಡೆ ದವಡೆಯ ಹತ್ತಿರ ಕೊಯ್ದುಕೊಂಡಿದ್ದ, ಕೊಯ್ದದ್ದು ಗೊತ್ತಾಗಿರಲಿಲ್ಲ, ಮನೆಯಲ್ಲಿ ನಿಂತಿದ್ದ ರಕ್ತ ಬಗ್ಗಿದಾಗ ಮತ್ತೆ ಕಿತ್ತುಕೊಂಡು ಕಾಲರಿನೊಳಕ್ಕೆ ಇಳಿದಿತ್ತು. ಅಂಗಡಿಯವನು ಎಣ್ಣೆ ಒರೆಸುವ ಬಟ್ಟೆಯನ್ನೇ ಮಡಚಿ ಕೊಟ್ಟ. ಸಾಮಾನು ಕೊಳ್ಳಲು ಬಂದಿದ್ದ ಹೆಂಗಸು ನೋಡಬಾರದ್ದನ್ನು ನೋಡಿದವಳಂತೆ ಆ ಕಡೆ ತಿರುಗಿಕೊಂಡಳು. "ಬಿಸಿಲಿಗೆ ಹಾಗಾಗತ್ತೆ," ಎಂದು ಅವನು ಅರ್ಥವಿಲ್ಲದ ಏನೋ ಒಂದು ಅಂದು, ತಕ್ಕಡಿಗೆ ಮುದ್ರೆ ಒತ್ತಿ ಹೊರಗೆ ಬಂದುಬಿಟ್ಟಿದ್ದ. ಬೀದಿಯ ಕೊನೆ ಮುಟ್ಟುವ ಮೊದಲೇ ಆ ಕೂದಲೆಳೆಯ ವಾಲು ನೆನಪಾಯಿತು. ಹಿಂದಕ್ಕೆ ಹೋಗಬಹುದಿತ್ತು. ಎಣ್ಣೆಬಟ್ಟೆ ಕೈಯಲ್ಲೇ ಇತ್ತು, ಅದನ್ನು ಕೊಡುವ ನೆಪವೂ ಇತ್ತು. ಹೋಗಲಿಲ್ಲ. ಅಂದಿನಿಂದ ಮೊಳೆ ಕೊಳ್ಳುವವರನ್ನು ಎಲ್ಲಿ ಕಂಡರೂ ಅವರ ಪೊಟ್ಟಣವನ್ನು ಒಂದು ಕ್ಷಣ ಹೆಚ್ಚಾಗಿ ನೋಡುವುದು ಅಭ್ಯಾಸವಾಗಿಬಿಟ್ಟಿತು.

ಅರ್ಧ ಮುಖ ಹೀಗಾಗುವ ಮೊದಲು ಅಲ್ಲಿ ನೋವಿತ್ತು. ಮುಖದ ನರದ್ದು, ವೈದ್ಯರು ಅದಕ್ಕೆ ಉದ್ದನೆಯ ಹೆಸರು ಹೇಳಿದ್ದರು. ಗಾಳಿ ಬೀಸಿದರೆ ನೋವು, ಹಲ್ಲುಜ್ಜಿದರೆ ನೋವು, 'ಮ' ಅಂದರೆ ನೋವು. ಕರೆಂಟು ಹೊಡೆದ ಹಾಗೆ ಬಂದು ಹೋಗುವುದು, ಹೋದಮೇಲೆ ಇನ್ನೊಂದು ಬರುತ್ತದೆಂದು ಕಾಯುತ್ತ ಕೂರುವುದು. ಆ ವರ್ಷಗಳಲ್ಲಿ ಹೆಂಡತಿ ಮನೆಯಲ್ಲಿ ಪಾದ ಎತ್ತಿ ಇಟ್ಟು ನಡೆಯುತ್ತಿದ್ದಳು. ಊಟವನ್ನು ನುಣ್ಣಗೆ ಮಾಡಿ ಬಲಗಡೆಯ ಬಾಯಿಗೆ ಚಮಚದಲ್ಲಿ ಇಳಿಸುತ್ತಿದ್ದಳು. ಹೊಲಿಗೆ ಅವಳ ಕಸುಬು, ಶಾಲೆಮಕ್ಕಳ ಸಮವಸ್ತ್ರ ಹೊಲಿದು ಕೊಡುತ್ತಾಳೆ. ಮಷೀನನ್ನು ಅವನು ಕಚೇರಿಗೆ ಹೋದಮೇಲೆಯೇ ಮುಟ್ಟುತ್ತಿದ್ದಳು. ಒಮ್ಮೆ ಅಭ್ಯಾಸಬಲದಿಂದ, ಅವನ ಕೆನ್ನೆಯ ಮೇಲಿದ್ದ ದಾರದ ಚೂರನ್ನು ತೆಗೆಯಲು ಕೈ ಚಾಚಿದ್ದಳು. ಅವನು ಆ ಕೈಯನ್ನು ಹೊಡೆದಿದ್ದ. ಬೇಕೆಂದು ಅಲ್ಲ, ಕೈ ತಾನಾಗಿ ಹೋಗಿತ್ತು. ಆದರೆ ಹೊಡೆದ ಸದ್ದು ಮಾತ್ರ ಬೇಕೆಂದು ಹೊಡೆದ ಹಾಗೇ ಬಂದಿತ್ತು. ಆಮೇಲೆ ಅವಳು ಅವನ ಮುಖದ ಹತ್ತಿರ ಕೈ ತರಲಿಲ್ಲ. ಆಪರೇಷನ್ ಆಗುವ ತನಕ ತರಲಿಲ್ಲ. ನೋವು ಹೋದರೆ ಜೊತೆಗೆ ಸ್ಪರ್ಶವೂ ಹೋಗಬಹುದು, ಮರಗಟ್ಟಬಹುದು, ಯೋಚಿಸಿ ಎಂದು ವೈದ್ಯರು ಹೇಳಿದ್ದು ಅವನೊಬ್ಬನಿಗೇ. ಅವಳು ಔಷಧಿ ತರಲು ಹೋಗಿದ್ದಳು. ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ, ಪಟ್ಟಿ ಬಿಚ್ಚಿದ ಮಧ್ಯಾಹ್ನ, ಅವಳು ಬಹಳ ಹೊತ್ತು ಹಿಂದೆಮುಂದೆ ನೋಡಿ ಕೊನೆಗೆ ಅಂಗೈಯನ್ನು ಅವನ ಎಡಗೆನ್ನೆಯ ಮೇಲಿಟ್ಟಳು.

"ನೋವಿಲ್ವಾ?"

"ಇಲ್ಲ."

"ನನ್ನ ಕೈ ಗೊತ್ತಾಗ್ತಿದ್ಯಾ?"

ಅವಳ ಮೊಣಕೈ ಕಾಣುತ್ತಿತ್ತು, ತೋಳು ಕಾಣುತ್ತಿತ್ತು, ತೋಳಿನ ಕೊನೆಯಲ್ಲಿ ಕೈ ಇರಲೇಬೇಕು. "ಗೊತ್ತಾಗದೆ ಏನು," ಅಂದ. ಅವಳು ಅತ್ತಳು. ಅಳುವವಳ ಎದುರಿಗೆ ಆ ಮಾತನ್ನು ಹಿಂತೆಗೆದುಕೊಳ್ಳುವ ಸಂದರ್ಭ ಬರಲಿಲ್ಲ, ಆಮೇಲೆ ಬಂದ ಸಂದರ್ಭಗಳಲ್ಲಿ ಅದು ಹಳೆಯದಾಗಿಬಿಟ್ಟಿತ್ತು. ಮನೆಗೆ ಬಂದಮೇಲೆ ಅವಳು ದಿನವೂ ಹಾಗೆ ಕೈ ಇಡತೊಡಗಿದಳು. ಅವನು ಕಚೇರಿಗೆ ಹೊರಡುವಾಗ ಬಾಗಿಲ ಹತ್ತಿರ, ಇಲ್ಲವೇ ಸಂಜೆ ಅವನು ಪೇಪರು ಓದುವಾಗ ಹಿಂದಿನಿಂದ ಬಂದು. ಅವನು ಕಣ್ಣು ಮುಚ್ಚಿ "ಹೂಂ" ಅನ್ನುವುದನ್ನು ರೂಢಿ ಮಾಡಿಕೊಂಡ. ಹಿಂದಿನಿಂದ ಬಂದರೆ ಕಷ್ಟ, ಬಂದದ್ದೇ ತಿಳಿಯುತ್ತಿರಲಿಲ್ಲ. ಬಳೆಯ ಸದ್ದಿಗೆ ಕಿವಿ ಕೊಟ್ಟಿರಬೇಕಾಗುತ್ತಿತ್ತು. ಒಂದೊಂದು ದಿನ ಹೂಂ ಅಂದದ್ದು ಸ್ವಲ್ಪ ತಡವಾಯಿತೋ ಏನೋ ಎಂದು ಕಚೇರಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದ.

ಗಡ್ಡಕ್ಕೆ ಮಾತ್ರ ಕೆನ್ನೆ ಸತ್ತದ್ದು ತಿಳಿದಿರಲಿಲ್ಲ, ಅದು ಎರಡೂ ಕಡೆ ಒಂದೇ ಸಮ ಬೆಳೆಯುತ್ತಿತ್ತು. ಕರೆಂಟಿನ ರೇಜರು ಕೊಂಡ. ಅದು ಕಾದು ಚರ್ಮ ಕೆಂಪಾದದ್ದು ಕನ್ನಡಿ ಹೇಳಿತು. ಗಡ್ಡ ಬಿಡಬಹುದಿತ್ತು, ಭಾವಮೈದ ಬಿಟ್ಟಿರುವಂತೆ. ಆದರೆ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ಒಂದೇ ಉತ್ತರ ಕೊಡಬೇಕು, ಕೊಟ್ಟದ್ದನ್ನು ನೆನಪಿಟ್ಟುಕೊಳ್ಳಬೇಕು. ಹಾಗೆ ಒಂದು ಭಾನುವಾರ ಬಸ್ ನಿಲ್ದಾಣದ ಬಳಿಯ ಕಟಿಂಗ್ ಅಂಗಡಿಗೆ ಹೋಗಿ ಕೂತ. ವಯಸ್ಸಾದ ಕ್ಷೌರಿಕ ನೊರೆ ಹಚ್ಚಿ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯನ್ನು ತಡಕಾಡಿದ, ಸಿಗಲಿಲ್ಲ. ಗೊಣಗಿಕೊಂಡು ಡ್ರಾಯರಿನ ತಳದಿಂದ ಬ್ಲೇಡು ಬೇಡದ ಹಳೆಯದೊಂದು ಅಚ್ಚ ಕತ್ತಿಯನ್ನು ತೆಗೆದು ಚರ್ಮದ ಪಟ್ಟಿಯ ಮೇಲೆ ಮಸೆದ. ಬಲಗೆನ್ನೆ ಮುಗಿಯಿತು. ಆಮೇಲೆ ಎಡಗಡೆಯಿಂದ ಒಂದು ಸದ್ದು ಬಂತು. ಸಣ್ಣಗೆ, ಒಣಗಿದ ಹುಲ್ಲಿನ ಮೇಲೆ ಯಾರೋ ನಡೆದಂತೆ, ಕಿವಿಯ ಬುಡದಲ್ಲಿ ಶುರುವಾಗಿ ದವಡೆಯತ್ತ ಇಳಿದು, ಮೂಳೆ ಬಂದಲ್ಲಿ ಸ್ವರ ಏರಿಸಿಕೊಂಡು, ಮೆತ್ತಗಿರುವ ಕಡೆ ತಗ್ಗಿ. ತನ್ನ ಕೆನ್ನೆ ಎಷ್ಟು ಅಗಲವಿದೆ, ಎಲ್ಲಿ ತಿರುಗುತ್ತದೆ ಎನ್ನುವುದೆಲ್ಲ ಅವನಿಗೆ ಕೇಳಿಸಿತು. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. "ಉರೀತಾ?" ಎಂದು ಕ್ಷೌರಿಕ ಕೇಳಿದಾಗ ಇಲ್ಲ ಅಂದ. ಆ ಕತ್ತಿಯನ್ನು ನನಗೆ ಕೊಡುತ್ತೀರಾ ಎಂದು ಕೇಳಲು ಆ ಹೊತ್ತಿಗೆ ನಾಚಿಕೆಯಾಯಿತು; ಮುಂದಿನ ಭಾನುವಾರ ನಾಚಿಕೆ ಬಿಟ್ಟು ಕೇಳಿದಾಗ, "ಅದು ಸವೆದು ಹೋಗಿದೆ, ಕೊಟ್ರೆ ನಿಮಗೆ ಮೋಸ ಮಾಡಿದ ಹಾಗೆ," ಎಂದು ಕ್ಷೌರಿಕ, ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಕತ್ತಿ ಮಾಡುವ ಮೇಷ್ಟ್ರ ಗುರುತು ಹೇಳಿದ.

ಮೇಷ್ಟ್ರು ನಿಜವಾಗಿಯೂ ಮೇಷ್ಟ್ರೇ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವರು. ಹೇಳಿದ್ದೇ ಹೇಳಿ ನಾಲಿಗೆ ಸವೆದುಹೋಗಿತ್ತು, ಅದಕ್ಕೇ ಬಿಟ್ಟೆ ಅಂದರು. ಸವೆದ ಲಕ್ಷಣವೇನೂ ಕಾಣಲಿಲ್ಲ. ಅವರ ಅತ್ತೆಯ ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲೊಂದು ಕುಲುಮೆ, ಸಾಣೆಯ ಚಕ್ರ, ನೀರಿನ ತೊಟ್ಟಿ. ಕುಲುಮೆಯ ಹೊಗೆ ಒಣಹಾಕಿದ ಬಟ್ಟೆಗೆ ಬರುತ್ತದೆಂದು ಅತ್ತೆ ಒಳಗಿನಿಂದ ಆಗಾಗ ಕೆಮ್ಮುತ್ತಿದ್ದರು. ಅದು ಕಾಯಿಲೆಯ ಕೆಮ್ಮಲ್ಲ, ತಲೆ ಕೆಡಿಸ್ಕೋಬೇಡಿ ಎಂದು ಮೇಷ್ಟ್ರು ಹೇಳಿದರು.

"ಯಾರಿಗೆ ಕತ್ತಿ?"

"ನನ್ನ ಭಾವಮೈದನಿಗೆ," ಅಂದ. ಯಾಕೆ ಹಾಗೆ ಅಂದೆ ಎಂದು ಅವನಿಗೇ ಆಶ್ಚರ್ಯವಾಗುವ ಮೊದಲೇ ಉಳಿದದ್ದೂ ಬಂದುಬಿಟ್ಟಿತು: ಭಾವಮೈದನಿಗೆ ಒಂದು ಕೆನ್ನೆ ಮರಗಟ್ಟಿದೆ, ಏನೂ ತಿಳಿಯುವುದಿಲ್ಲ, ಸದ್ದು ಬರುವ ಕತ್ತಿ ಬೇಕು, ಸದ್ದಿನ ಮೇಲೆ ಅವನು ಕ್ಷೌರ ಮಾಡಿಕೊಳ್ಳುತ್ತಾನೆ. ಹೇಳುತ್ತ ಹೇಳುತ್ತ ಆ ಭಾವಮೈದನ ಮೇಲೆ ಅವನಿಗೆ ಮರುಕವೂ ಬಂತು. ತನ್ನ ಬಗ್ಗೆ ಇಷ್ಟು ವಿವರವಾಗಿ ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರು ಒಂದು ನಿಮಿಷ ಅವನನ್ನೇ ನೋಡಿದರು. ಆಮೇಲೆ ಗೋಡೆಯಲ್ಲಿ ತೂಗುಹಾಕಿದ್ದ ಕತ್ತಿಗಳನ್ನು ಇಳಿಸಿ, ಒಂದೊಂದನ್ನೂ ಅವನ ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಅಲಗನ್ನು ಮೀಟಿದರು. ದಪ್ಪ ಅಲಗು ಟಕ್ ಅಂದಿತು. ತೋಡಿದ್ದು ಹೆಚ್ಚಾದ ಹಾಗೆ ದನಿ ತೆಳ್ಳಗಾಗುತ್ತ, ಉದ್ದವಾಗುತ್ತ ಹೋಯಿತು. "ತೆಳ್ಳಗೆ ತೋಡಿದಷ್ಟೂ ಹಾಡುತ್ತೆ. ಆದ್ರೆ ತೆಳ್ಳಗಾದ ಹಾಗೆಲ್ಲ ಅಲಗಿನ ಬಾಯಿ ನಡುಗುತ್ತೆ, ಒರಟು ಗಡ್ಡಕ್ಕೆ ಬಾಗುತ್ತೆ. ಅವರ ಗಡ್ಡ ಹೇಗಿದೆ?"

"ನನ್ನ ಗಡ್ಡದ ಹಾಗೇ."

"ಚರ್ಮ?"

"ಅದೂ ಹಾಗೇ."

"ಸೋದರತ್ತೆ ಕಡೆ ಸಂಬಂಧವೋ?"

"ಹೂಂ, ಒಂದು ರೀತೀಲಿ," ಅಂದ. ಎಲ್ಲಕ್ಕಿಂತ ತೆಳುವಾದ ದನಿಯನ್ನೇ ಆರಿಸಿದ. ಅದಕ್ಕಿಂತ ಇನ್ನೂ ಒಂದು ಎಳೆ ತೆಳ್ಳಗೆ ಮಾಡಬಹುದೇ ಎಂದು ಕೇಳಿದ. ಮಾಡಬಹುದು, ಉಳಿಯುವುದು ನನ್ನ ಕೈಯಲ್ಲಿಲ್ಲ ಅಂದರು ಮೇಷ್ಟ್ರು. ಹೊರಡುವಾಗ ಫೋನ್ ನಂಬರು ಕೇಳಿದರು. ಕಚೇರಿಯ ಒಳಕೋಣೆಗೆ ಫೋನು ಒಯ್ಯುವಂತಿಲ್ಲವಾದ್ದರಿಂದ ಎಲ್ಲಿ ಕೇಳಿದರೂ ಹೆಂಡತಿಯ ನಂಬರು ಕೊಡುವುದು ಅವನ ರೂಢಿ. ಇಲ್ಲೂ ಅದನ್ನೇ ಕೊಟ್ಟ.

ಅದಾದ ಮೇಲಿನ ದಿನಗಳಲ್ಲಿ ಅವನು ಸುಖವಾಗಿದ್ದ ಎಂದೇ ಹೇಳಬೇಕು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕತ್ತಿಯನ್ನು ಬರೆಯುವುದು, ಅಳಿಸುವುದು, ಬೆನ್ನನ್ನು ಒಂದು ಗೆರೆ ತಗ್ಗಿಸುವುದು. ಬೆನ್ನು ತಗ್ಗಿದರೆ ಸಾಣೆಯ ಕಲ್ಲಿನ ಮೇಲೆ ಕತ್ತಿ ಮಲಗುವ ಕೋನ ಬದಲಾಗುತ್ತದೆ, ಬಾಯಿ ತೀರ ಚೂಪಾಗಿ ಬೇಗ ಮುರಿಯುತ್ತದೆ, ಹೆಚ್ಚಿಸಿದರೆ ಮೊಂಡಾಗುತ್ತದೆ. ಇವನ್ನೆಲ್ಲ ಮೇಷ್ಟ್ರಿಂದ ಕೇಳಿ ತಿಳಿದುಕೊಂಡಿದ್ದ. ಹಿಡಿಗೆ ಕೊಂಬು ಬೇಡ, ಗಟ್ಟಿಮರ ಸಾಕು ಎಂದು ಒಂದು ದಿನ, ಕೊಂಬೇ ಇರಲಿ ಎಂದು ಇನ್ನೊಂದು ದಿನ. ಜೀವನದಲ್ಲಿ ತನಗೆಂದೇ ಮಾಡಿಸಿಕೊಂಡ ವಸ್ತು ಒಂದೂ ನೆನಪಾಗಲಿಲ್ಲ. ಮನೆ ಬೇರೆಯವರು ಕಟ್ಟಿದ್ದು, ಕನ್ನಡಕ ಡಾಕ್ಟರು ಬರೆದದ್ದು, ಅಂಗಿಗಳ ಬಣ್ಣ ಹೆಂಡತಿಯ ಆಯ್ಕೆ. ಅವಳೊಮ್ಮೆ ಕ್ಯಾಲೆಂಡರು ನೋಡಿ, "ಮೀನಾ ಇದು?" ಅಂದಳು. ಹೂಂ, ಮೀನು ಅಂದ. "ಕಣ್ಣೇ ಇಲ್ವಲ್ಲ," ಎಂದು ಅವಳು ಕೈಯಲ್ಲಿದ್ದ ಸೀಮೆಸುಣ್ಣದಿಂದ ಕತ್ತಿಯ ತುದಿಗೊಂದು ಚುಕ್ಕೆ ಇಟ್ಟು ಹೋದಳು. ಎಷ್ಟು ಉಜ್ಜಿದರೂ ಆ ಚುಕ್ಕೆ ಪೂರ್ತಿ ಹೋಗಲಿಲ್ಲ.

ತುದಿ ದುಂಡಗೇ ಇರಲಿ ಎಂದು ಕಚೇರಿಯಲ್ಲಿ ತೀರ್ಮಾನಿಸಿದ ಆ ದಿನ ಸಂಜೆ ಮನೆಗೆ ಬಂದಾಗ ಅವಳು ಒಂದು ಸಣ್ಣ ಅಂಗಿಗೆ ಕಾಜಾ ಹಾಕುತ್ತ ಕೂತಿದ್ದಳು. ಅವನು ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಬಿಡುತ್ತಿದ್ದ.

"ಮೇಷ್ಟ್ರು ಅಂತ ಯಾರೋ ಫೋನ್ ಮಾಡಿದ್ರು," ಅಂದಳು. "ಹಿಡಿ ಯಾವ ಕಡೆಗೆ ಬಾಗಿರಬೇಕು ಅಂತ ನೋಡ್ಬೇಕಂತೆ. ನನ್ನ ತಮ್ಮನ ಯಾವ ಕೆನ್ನೆಗೆ ಸ್ಪರ್ಶ ಇಲ್ಲ, ಎಡದ್ದೋ ಬಲದ್ದೋ ಅಂತ ಕೇಳಿದ್ರು."

ಚಪ್ಪಲಿಯ ಪಟ್ಟಿ ಬೆರಳಿಗೆ ಸಿಕ್ಕಿಕೊಂಡಿತು. "ನೀನೇನಂದೆ?"

"ಎಡದ್ದು ಅಂದೆ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಅಂಗಿಯನ್ನು ಕೊಡವಿ ಬೆಳಕಿಗೆ ಹಿಡಿದು ಕಾಜಾ ನೇರವಾಗಿದೆಯೇ ಎಂದು ನೋಡಿದಳು. "ನನ್ನ ತಮ್ಮ ಗಡ್ಡ ಬಿಟ್ಟು ಎಷ್ಟು ವರ್ಷ ಆಯ್ತು. ಬೇರೆ ಯಾರೂ ಸಿಗ್ಲಿಲ್ವಾ ನಿಮಗೆ?"

ಅವನು ಒಳಗೆ ಹೋಗಿ ಕೈಕಾಲು ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ಊಟಕ್ಕೆ ಕೂತಾಗ ಅವಳು ಎಂದಿನಂತೆಯೇ ಬಡಿಸಿದಳು. ಶಾಲೆಯವರು ಈ ಸಲ ಬಟ್ಟೆಯ ಬಣ್ಣ ಬದಲಿಸುತ್ತಾರಂತೆ ಎಂಬ ಸುದ್ದಿ ಹೇಳಿದಳು. ಅವನು ತಟ್ಟೆಯನ್ನೇ ನೋಡುತ್ತ, "ಯಾವಾಗಿಂದ ಗೊತ್ತು?" ಎಂದು ಕೇಳಿದ.

"ಆಸ್ಪತ್ರೆಯಿಂದ ಬಂದ ಹೊಸದ್ರಲ್ಲೇ. ನಿಮ್ಮ ಕಾಲರು ಅಳತೆ ನೋಡ್ತಿದ್ದೆನಲ್ಲ, ಆಗ ಕೆನ್ನೆಗೆ ಗುಂಡುಸೂಜಿ ತಗುಲ್ತು. ಚೆನ್ನಾಗೇ ಚುಚ್ತು. ನೀವು ನಲ್ಲಿ ಸೋರೋ ವಿಷಯ ಮಾತಾಡ್ತಾನೇ ಇದ್ರಿ."

"ಮತ್ತೆ ದಿನಾ ಯಾಕೆ ಕೈ ಇಡ್ತಿದ್ದೆ?"

ಅವಳ ಉತ್ತರಕ್ಕೆ ಕಾಯದೆ ಅವನು ಎದ್ದು ಹೊರಗೆ ನಡೆದ. ಬೀದಿದೀಪಗಳು ಹತ್ತಿದ್ದವು. ನಾಚಿಕೆ ಮೈಮೇಲೆ ಬರುವ ರೀತಿ ವಿಚಿತ್ರವಾಗಿತ್ತು: ಬಲಗೆನ್ನೆ ಬಿಸಿಯಾಯಿತು, ಎಡದ್ದು ಏನಾಯಿತೋ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ತಾನು ಹೂಂ ಅಂದ ದಿನಗಳೆಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಒಂದು ದಿನ ಬರಿಯ ಹೂಂ ಸಾಲದೆಂದು, "ನಿನ್ನ ಕೈ ಎಷ್ಟು ತಣ್ಣಗಿದೆ," ಎಂದೂ ಅಂದಿದ್ದ. ಅವಳು ಆಗಷ್ಟೇ ಸಮವಸ್ತ್ರಗಳ ರಾಶಿಗೆ ಇಸ್ತ್ರಿ ಹಾಕಿ ಎದ್ದು ಬಂದಿದ್ದಳು. ಇಸ್ತ್ರಿಪೆಟ್ಟಿಗೆ ಅವನ ಎದುರಿಗೇ ಇತ್ತು. ಹೌದಾ ಅಂದಿದ್ದಳು, ಅಷ್ಟೆ. ಗೊತ್ತಿರುವ ಬಟ್ಟನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆಯನ್ನು ಸುಮ್ಮನೆ ನೋಡುತ್ತ ಕೂರುವುದು ಅವನ ಕೆಲಸವೇ ಆಗಿತ್ತು. ಆದರೂ ತನ್ನನ್ನು ಯಾರಾದರೂ ಹಾಗೆ ನೋಡಬಹುದೆಂದು ಹೊಳೆದಿರಲಿಲ್ಲ. ಅವಳ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಹುಡುಕಿದ. ಸಿಕ್ಕದಿದ್ದಕ್ಕೆ ಇನ್ನಷ್ಟು ಬಂತು. ಕಾಲು ತಾನಾಗಿ ಮೊಳೆಯಂಗಡಿಯ ಬೀದಿಗೆ ತಿರುಗಿತ್ತು.

ಅಂಗಡಿಯವನು ಬಾಗಿಲು ಹಾಕುವ ತಯಾರಿಯಲ್ಲಿದ್ದ. "ಈ ಹೊತ್ತಲ್ಲಿ ತಪಾಸಣೆನಾ ಸಾರ್?" ಎಂದರೂ ತಕ್ಕಡಿಯ ಮೇಲಿನ ಗೋಣಿ ತೆಗೆದ. ಅವನು ಬಗ್ಗಿ, ಈ ಸಲ ಅವಸರ ಮಾಡದೆ ನೋಡಿದ. ತಟ್ಟೆ ಅದಲುಬದಲು ಮಾಡಿಸಿ ನೋಡಿದ. ಮುಳ್ಳು ನಡುವೆ ಬಂದು ನಿಂತಿತು, ಎಲ್ಲಿಯೂ ವಾಲಲಿಲ್ಲ. ನಡುವೆ ರಿಪೇರಿ ಏನಾದರೂ ಮಾಡಿಸಿದ್ದೀಯಾ ಎಂದು ಕೇಳಿದ. ಇಲ್ಲ, ನೀವು ಮುದ್ರೆ ಒತ್ತಿದ ಹಾಗೇ ಇದೆ ಎಂದು ಅಂಗಡಿಯವನು ತೋರಿಸಿದ, ಮುದ್ರೆ ಒಡೆದಿರಲಿಲ್ಲ. ಹಾಗಾದರೆ ಅಂದು ವಾಲಿದ್ದು ತಕ್ಕಡಿಯಲ್ಲ. ಇಷ್ಟು ದಿನ ಹೊತ್ತು ತಿರುಗಿದ ತಪ್ಪು ನಡೆದೇ ಇರಲಿಲ್ಲ. ಹಗುರಾಗಬೇಕಾಗಿತ್ತು, ಬದಲಿಗೆ, ಯಾರೋ ಜೇಬಿನಿಂದ ಏನನ್ನೋ ಎತ್ತಿಕೊಂಡ ಹಾಗೆ ಒಂದು ಬಗೆಯ ಬೇಸರವಾಯಿತು. ಸುಮ್ಮನೆ ಬರುವುದು ಸರಿಯಲ್ಲವೆಂದು ಒಂದು ಪೊಟ್ಟಣ ಮೊಳೆ ಕೊಂಡುಕೊಂಡ. ಮನೆಯಲ್ಲಿ ಹೊಡೆಯುವ ಕೆಲಸ ಯಾವುದೂ ಇರಲಿಲ್ಲ.

ಆ ದಿನದಿಂದ ಅವಳು ಕೈ ಇಡುವುದನ್ನು ನಿಲ್ಲಿಸಿದಳು. ಅವನಾಗಿ ಕೇಳುವಂತಿರಲಿಲ್ಲ. ಬಾಗಿಲ ಬಳಿ ಅವನು ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದ, ಕೊಡೆ ಹುಡುಕುವವನಂತೆ, ಬೀಗದ ಕೈ ತಡವುವವನಂತೆ. ಅವಳು ಮಷೀನಿನ ಮೇಲೆ ಬಗ್ಗಿರುತ್ತಿದ್ದಳು. ಗೊತ್ತಾಗದ ಕೈಯೊಂದು ಇಲ್ಲವಾದದ್ದು ಹೇಗೆ ಗೊತ್ತಾಗುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದ. ಗೊತ್ತಾಗುತ್ತಿತ್ತು. ಹೀಗೆ ಕೆಲವು ದಿನ ಕಳೆದಮೇಲೆ ಒಂದು ಮಧ್ಯಾಹ್ನ, ಅವನ ರಜೆ, ಅವಳು ಬಟ್ಟೆ ಕತ್ತರಿಸಲು ನೆಲದ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಬಟ್ಟೆ ಜರುಗದ ಹಾಗೆ ಅವನು ಒಂದು ತುದಿ ಹಿಡಿದುಕೊಂಡು ಕೂತಿದ್ದ. ತಲೆ ಎತ್ತದೆಯೇ ಅವಳು ಹೇಳಿದಳು.

"ಅವತ್ತು ಕೇಳಿದ್ರಲ್ಲ, ಯಾಕೆ ಇಡ್ತಿದ್ದೆ ಅಂತ."

ಅವನು ಬಟ್ಟೆಯ ತುದಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ನಿಮಗೆ ಗೊತ್ತಾಗ್ಲಿ ಅಂತ ಇಡ್ತಿದ್ದೆ ಅಂದ್ಕೊಂಡ್ರಾ? ನನ್ನ ಕೈಗೆ ಗೊತ್ತಾಗ್ತಿತ್ತಲ್ಲ." ಗೆರೆಯನ್ನು ತೋಳಿನ ತಿರುವಿನವರೆಗೆ ಎಳೆದು ನಿಲ್ಲಿಸಿದಳು. "ಅಷ್ಟು ವರ್ಷ ಮುಟ್ಟೋ ಹಾಗಿರ್ಲಿಲ್ಲ. ಆಮೇಲೆ ಮುಟ್ಟಬಹುದಿತ್ತು. ನೀವು ಹೂಂ ಅನ್ನೋದು ನಿಮ್ಮ ಪಾಡಿಗೆ ನೀವು ಮಾಡ್ತಿದ್ರಿ, ನಾನ್ಯಾಕೆ ಬೇಡ ಅನ್ಲಿ. ತುದಿ ಸ್ವಲ್ಪ ಎಳೀರಿ, ಸುಕ್ಕು ಬರ್ತಿದೆ."

ಅವನು ಎಳೆದ. ರಾತ್ರಿ ಮಲಗುವ ಮುಂಚೆ ಕನ್ನಡಿಯ ಮುಂದೆ ನಿಂತು ತನ್ನ ಬೆರಳುಗಳನ್ನು ಎಡಗೆನ್ನೆಯ ಮೇಲಿಟ್ಟುಕೊಂಡ. ಕೆನ್ನೆಗೆ ಬೆರಳು ತಿಳಿಯಲಿಲ್ಲ. ಬೆರಳಿಗೆ ಕೆನ್ನೆ ತಿಳಿಯಿತು: ಬೆಚ್ಚಗಿತ್ತು, ಸಂಜೆಯ ಗಡ್ಡ ಒರಟಾಗಿತ್ತು, ಮೂಳೆಯ ಕೆಳಗೆ ಸ್ವಲ್ಪ ಇಳಿಬಿದ್ದಿತ್ತು. ಬದುಕಿರುವ ಮನುಷ್ಯನೊಬ್ಬನ ಕೆನ್ನೆ. ದಿನವೂ ನೊರೆ ಹಚ್ಚುವಾಗ ಮುಟ್ಟುತ್ತಲೇ ಇದ್ದ, ಮುಟ್ಟಿ ನೋಡಿರಲಿಲ್ಲ.

ಕತ್ತಿ ಸಿದ್ಧವಾಯಿತೆಂದು ಹೇಳಿಕಳಿಸಿದಾಗ ಕಚೇರಿಯಿಂದ ನೇರವಾಗಿ ಹೋದ. ಮೇಷ್ಟ್ರು ಅವನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಶೆಡ್ಡಿನ ಬಾಗಿಲ ಕಡೆ ನೋಡಿದರು. "ಭಾವಮೈದ ಬರ್ಲಿಲ್ವಾ? ಮುಖದ ಮೇಲೆ ಒಂದ್ಸಲ ನೋಡದೆ ಕೊಡೋಕೆ ಮನಸ್ಸಾಗಲ್ಲ ನನಗೆ."

"ಅವನು ಗಡ್ಡ ಬಿಟ್ಟಿದಾನೆ."

"ಯಾವಾಗಿಂದ?"

"ಬಹಳ ವರ್ಷ ಆಯ್ತು," ಅಂದ.

ಮೇಷ್ಟ್ರಿಗೆ ಮಾತು ನಿಂತದ್ದನ್ನು ಅವನು ಮೊದಲ ಸಲ ನೋಡಿದ. ಒಳಗೆ ಅತ್ತೆ ಕೆಮ್ಮಿದರು. ಮೇಷ್ಟ್ರು ಬಟ್ಟೆಯ ಸುತ್ತು ಬಿಚ್ಚಿ ಕತ್ತಿಯನ್ನು ಅವನ ಅಂಗೈಗೆ ಕೊಟ್ಟರು. ತುದಿ ದುಂಡಗಿತ್ತು, ಹಿಡಿ ಕಪ್ಪು ಕೊಂಬಿನದು, ಹೆಬ್ಬೆರಳು ಕೂರುವಲ್ಲಿ ಎಡಕ್ಕೆ ತುಸು ಬಾಗಿತ್ತು. ಬರೆದದ್ದಕ್ಕಿಂತ ಬೆನ್ನು ದಪ್ಪ. ಬೆಳಕಿಗೆ ಹಿಡಿದಾಗ ಅಲಗಿನ ಹಳ್ಳ ಅವನ ಮನಸ್ಸಿನಲ್ಲಿದ್ದಷ್ಟು ಆಳ ಕಾಣಲಿಲ್ಲ.

"ನೀವು ಕೇಳಿದಷ್ಟು ತೆಳ್ಳಗಿಲ್ಲ," ಅಂದರು ಮೇಷ್ಟ್ರು. "ಅಷ್ಟು ತೆಳ್ಳಗೆ ಒಂದನ್ನ ಮಾಡಿದ್ದೆ. ಏನು ದನಿ ಅಂತೀರಿ. ಕೊನೇ ಸಾಣೆಯಲ್ಲಿ ಬಾಯಿ ಮುರ್ಕೊಳ್ತು. ಇದು ಎರಡನೇದು. ಇದು ಉಳಿಯುತ್ತೆ."

ಅವನು ಉಗುರಿನಿಂದ ಮೀಟಿ ಕಿವಿಗೆ ಹಿಡಿದ. ತಾನು ಆರಿಸಿದ ದನಿಯಲ್ಲ ಅದು. ಸ್ವಲ್ಪ ಕೆಳಗಿತ್ತು, ಬೇಗ ಮುಗಿಯುತ್ತಿತ್ತು. ಮುರಿದದ್ದನ್ನು ತೋರಿಸಿ ಎಂದು ಕೇಳಬೇಕೆನ್ನಿಸಿ, ಬೇಡವೆನ್ನಿಸಿತು. "ಕೂತ್ಕೊಳ್ಳಿ, ಇಲ್ಲೇ ನೋಡಿಬಿಡೋಣ," ಎಂದು ಮೇಷ್ಟ್ರು ಸ್ಟೂಲು ಸರಿಸಿದರು. ಮನೆಯಲ್ಲೇ ನೋಡುತ್ತೇನೆ ಅಂದ. "ಮೊದಲ ದಿನ ಕೊಯ್ಕೊಳ್ತೀರಿ. ನನ್ನ ಬಯ್ಬೇಡಿ," ಎಂದು ಬೀಳ್ಕೊಟ್ಟರು.

ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ತೆರೆದೇ ಇಟ್ಟುಕೊಂಡ. ಬಿಸಿನೀರಲ್ಲಿ ಮುಖ ನೆನೆಸಿ, ನೊರೆ ಹಚ್ಚಿ, ಕತ್ತಿಯನ್ನು ಪಟ್ಟಿಯ ಮೇಲೆ ಹಿಂದೆಮುಂದೆ ಆಡಿಸಿ ಬಲಗೆನ್ನೆಯಿಂದ ಶುರುಮಾಡಿದ. ಬಲಗೆನ್ನೆಗೆ ಎಲ್ಲವೂ ತಿಳಿಯುತ್ತಿದ್ದರಿಂದ ಸದ್ದಿನ ಕಡೆಗೆ ಗಮನವೇ ಹೋಗಲಿಲ್ಲ. ಲೋಹದ ಚಳಿ, ಕೂದಲು ಕೊಯ್ಯುವಾಗಿನ ಸಣ್ಣ ಜಗ್ಗು, ಹಿಂದೆಯೇ ಬರುವ ಉರಿ. ಕೈ ಬದಲಿಸಲು ಬರುವುದಿಲ್ಲವಾದ್ದರಿಂದ ಮುಖದ ಮುಂದೆ ಮೊಣಕೈ ಎತ್ತಿ ಕತ್ತಿಯನ್ನು ಎಡಗಿವಿಯ ಕೆಳಗೆ ಇಟ್ಟ. ಎಳೆದ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಎಳೆಯುವ ಧೈರ್ಯವಾಗಲಿಲ್ಲ. ಕನ್ನಡಿಯಲ್ಲಿ ಕತ್ತಿ ಯಾರದೋ ಮುಖದ ಮೇಲೆ ನಿಂತಿತ್ತು. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷೀನು ಬಿಡುವಿಲ್ಲದೆ ಓಡುತ್ತಿತ್ತು. ಹೊಸ ಬಣ್ಣದ ಸಮವಸ್ತ್ರಗಳನ್ನು ಕೊಡುವ ದಿನ ಹತ್ತಿರ ಬಂದಿತ್ತು, ಅವಳು ಬೆಳಕು ಹರಿಯುವ ಮೊದಲೇ ಕೂತಿದ್ದಳು. ಅವನು ನಿಲ್ಲುತ್ತದೇನೋ ಎಂದು ಕಾದ. ನೊರೆ ಒಣಗತೊಡಗಿತು.

"ಸ್ವಲ್ಪ ಮಷೀನ್ ನಿಲ್ಲಿಸ್ತೀಯಾ," ಅಂದ.

ಮಷೀನು ನಿಧಾನವಾಯಿತು, ನಿಲ್ಲಲಿಲ್ಲ. "ಯಾಕೆ?"

ತಲೆನೋವು ಅನ್ನಬಹುದಿತ್ತು. ಹೊರಗೆ ಯಾರೋ ಕರೆದ ಹಾಗಾಯಿತು ಅನ್ನಬಹುದಿತ್ತು. ಎರಡೂ ನಾಲಿಗೆಯ ತುದಿಯಲ್ಲೇ ಇದ್ದವು.

"ಕೆನ್ನೆ ಕೇಳಿಸ್ತಿಲ್ಲ."

ಮಷೀನು ನಿಂತಿತು. ಅದು ನಿಂತಮೇಲೆ ಮನೆಯಲ್ಲಿ ಎಷ್ಟು ಸದ್ದುಗಳಿದ್ದವೆಂದು ತಿಳಿಯಿತು, ಬೀದಿಯಲ್ಲಿ ಸೈಕಲ್ಲು ಹೋದದ್ದು, ಬಕೆಟ್ಟಿಗೆ ನೀರಿನ ಹನಿ ಬಿದ್ದದ್ದು. ಅವೂ ಒಂದೊಂದಾಗಿ ಹಿಂದಕ್ಕೆ ಸರಿದವು. ಕತ್ತಿಯನ್ನು ಮತ್ತೆ ಕಿವಿಯ ಬುಡದಿಂದ ಇಳಿಸಿದ. ಈಗ ಬಂತು. ತಾನು ಕನಸಿದ ದನಿಯಲ್ಲ, ಅದಕ್ಕಿಂತ ಒರಟಾದದ್ದು, ಮರಳಿನ ಮೇಲೆ ಚಾಪೆ ಎಳೆದ ಹಾಗೆ. ಆದರೆ ದವಡೆ ಬಂದಲ್ಲಿ ದವಡೆ ಬಂತೆಂದು ಹೇಳುತ್ತಿತ್ತು. ಒಂದು ಎಳೆ, ಅದರ ಪಕ್ಕ ಇನ್ನೊಂದು. ಬಾಯಿಯ ಮೂಲೆಯ ಹತ್ತಿರ ಸದ್ದು ಸಟಕ್ಕನೆ ಬದಲಾಯಿತು, ನೋಡಿದರೆ ನೊರೆಯಲ್ಲಿ ಕೆಂಪು ಎಳೆಯೊಂದು ಇಳಿಯುತ್ತಿತ್ತು. ಕೊಯ್ದದ್ದು ಅವನಿಗೆ ಈ ಸಲ ಆಗಲೇ ತಿಳಿದಿತ್ತು. ಒರೆಸಿ ಮುಂದುವರಿಸಿದ. ಗಲ್ಲದ ತನಕ ಬಂದು ಕತ್ತಿಯನ್ನು ನೀರಿಗೆ ಅದ್ದಿದ.

"ಅಲ್ಲೊಂದ್ಕಡೆ ಬಿಟ್ಟುಹೋಯ್ತು," ಎಂದಳು ಅವಳು, ಕೋಣೆಯೊಳಗಿನಿಂದಲೇ.

"ಎಲ್ಲಿ?"

"ಎರಡನೇ ಸಲ ಇಳಿಸಿದ್ರಲ್ಲ, ಆಗ. ಶುರುವಾಗೋಕೆ ಮುಂಚೆ ಒಂಚೂರು ಸದ್ದೇ ಬರ್ಲಿಲ್ಲ. ಕಿವಿ ಕೆಳಗೆ ಇರ್ಬೇಕು ನೋಡಿ."

ಬೆರಳಿಟ್ಟು ನೋಡಿದ. ಕಿವಿಯ ಕೆಳಗೆ, ದವಡೆ ತಿರುಗುವಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಗಡ್ಡ ಹಾಗೇ ಇತ್ತು. ಅವನು ಅಲ್ಲಿಗೆ ನೊರೆ ಹಚ್ಚಿ ಕತ್ತಿಯನ್ನಿಟ್ಟ. ಒಳಗೆ ಕುರ್ಚಿ ಸರಿಸುತ್ತಿದ್ದವಳು ಸರಿಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು.